ಬೆಡ್‌ರೂಮಿಗೆ ಟಿವಿಯೋ ಪ್ರೊಜೆಕ್ಟರೋ? ಮೊದಲು ಕತ್ತಲೆ ಅಳೆಯಿರಿ

2025ರ ಸೆಪ್ಟೆಂಬರ್ 22ರಂದು 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಪ್ರೊಜೆಕ್ಟರ್‌ಗಳಿಗೂ ಅದೇ ಇಳಿಕೆ ಸಿಕ್ಕಿತು. ತೆರಿಗೆ ಬಿಟ್ಟು 25,000 ರೂಪಾಯಿ ಬೆಲೆಯ ಸಾಮಾನು ಮೊದಲು 32,000ಕ್ಕೆ ಮನೆಗೆ ಬರುತ್ತಿತ್ತು, ಈಗ 29,500ಕ್ಕೆ ಬರುತ್ತದೆ. ಹಾಲ್‌ನಲ್ಲಿ ಆಗಲೇ ಒಂದು ಟಿವಿ ಇರುವ ಎಷ್ಟೋ ಮನೆಗಳಲ್ಲಿ ಎರಡನೆಯದರ ಮಾತು ಶುರುವಾಗಿದೆ. ಹಾಲ್‌ನಲ್ಲಿ ಅಮ್ಮನ ಧಾರಾವಾಹಿ, ಅಪ್ಪನ ವಾರ್ತೆ ಮುಗಿಯುವ ಹೊತ್ತಿಗೆ ರಾತ್ರಿ ಹತ್ತಾಗಿರುತ್ತದೆ. ಕ್ರಿಕೆಟ್ ನೋಡಬೇಕಾದವರು ಮೊಬೈಲ್ ಹಿಡಿದು ಮೂಲೆ ಸೇರಬೇಕು. ಅಲ್ಲಿಗೆ ಬೆಡ್‌ರೂಮಿಗೆ ಒಂದು ಬೇಕು ಅನ್ನಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ಫೋನಿನಲ್ಲಿ ಜಾಹೀರಾತು ಬರುತ್ತದೆ: ಅಂಗೈಯಗಲದ ಡಬ್ಬಿ, ಗೋಡೆ ತುಂಬ ಚಿತ್ರ, ಟಿವಿಯ ಅರ್ಧ ದುಡ್ಡು.

ಅಂಗಡಿಯವರು ಮೊದಲು ಕೇಳುವುದು ‘ಎಷ್ಟು ಇಂಚು?’ ಎಂದು. ಬೆಡ್‌ರೂಮಿನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ನಿಮ್ಮ ಕೋಣೆ ಎಷ್ಟು ಕತ್ತಲಾಗುತ್ತದೆ, ಆ ಕತ್ತಲೆಯಲ್ಲಿ ನೀವು ನೋಡುವ ಹೊತ್ತು ಎಷ್ಟು? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಎರಡೂ ಚಿತ್ರ ಮೂಡಿಸುವ ಬಗೆ

ತೊಗಲು ಗೊಂಬೆಯಾಟ ನೋಡಿದವರಿಗೆ ಟಿವಿಯ ಒಳಗುಟ್ಟು ಹೇಳುವುದು ಸುಲಭ. ಬಿಳಿ ಪರದೆಯ ಹಿಂದೆ ದೀಪ. ದೀಪಕ್ಕೂ ಪರದೆಗೂ ನಡುವೆ ಬಣ್ಣ ತುಂಬಿದ, ಬೆಳಕು ಹಾಯುವಷ್ಟು ತೆಳುವಾದ ತೊಗಲು. ಬೆಳಕು ಆ ಬಣ್ಣದ ಮೂಲಕ ಹಾದು ನಮ್ಮ ಕಡೆಗೆ ಬರುತ್ತದೆ. ಇವತ್ತು ಎಲ್‌ಇಡಿ ಟಿವಿ ಎಂದು ಮಾರುವ ಬಹುಪಾಲು ಟಿವಿಗಳು ಇದೇ ಕ್ರಮದವು. ಹಿಂದೆ ಎಲ್‌ಇಡಿ ದೀಪಗಳ ಸಾಲು, ಮುಂದೆ ಎಲ್‌ಸಿಡಿ ಎಂಬ ಫಲಕ. ಆ ಫಲಕದಲ್ಲಿ ಲಕ್ಷಾಂತರ ಪುಟ್ಟ ಕಿಟಕಿಗಳಿವೆ. ಒಂದೊಂದು ಕಿಟಕಿಯೂ ಬೇಕಾದಷ್ಟೇ ತೆರೆದು, ಬೇಕಾದ ಬಣ್ಣವನ್ನು ಹೊರಗೆ ಬಿಡುತ್ತದೆ. ಕ್ಯೂಎಲ್‌ಇಡಿ ಎನ್ನುವುದೂ ಇದೇ ಮನೆತನದ್ದು. ಬಣ್ಣ ಹೆಚ್ಚು ಶುದ್ಧವಾಗಿ ಬರಲೆಂದು ನಡುವೆ ಇನ್ನೊಂದು ಪದರ ಇಟ್ಟಿರುತ್ತಾರೆ, ಅಷ್ಟೆ.

ಓಎಲ್‌ಇಡಿ ಬೇರೆ ಜಾತಿ. ಅದರಲ್ಲಿ ಹಿಂದಿನ ದೀಪವೇ ಇಲ್ಲ. ದೀಪೋತ್ಸವದಲ್ಲಿ ಸಾಲಾಗಿ ಇಟ್ಟ ಹಣತೆಗಳಂತೆ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ. ಕಪ್ಪು ಬೇಕಾದ ಕಡೆ ಆ ಹಣತೆ ಆರಿರುತ್ತದೆ. ಹಾಗಾಗಿಯೇ ಅದರ ಕಪ್ಪು ಅಷ್ಟು ಗಾಢ, ಬೆಲೆಯೂ ಅಷ್ಟೇ ದುಬಾರಿ.

ಪ್ರೊಜೆಕ್ಟರಿನದು ಟೆಂಟ್ ಸಿನಿಮಾದ ದಾರಿ. ಡಬ್ಬಿಯೊಳಗೆ ಬೆರಳಗಲದ ಚಿತ್ರ ಹುಟ್ಟುತ್ತದೆ, ಬಲವಾದ ದೀಪ ಅದನ್ನು ಮಸೂರದ ಮೂಲಕ ಹೊರಗೆ ತಳ್ಳುತ್ತದೆ, ಎದುರಿನ ಗೋಡೆ ಅದನ್ನು ನಮ್ಮ ಕಡೆ ತಿರುಗಿಸುತ್ತದೆ. ನಾವು ನೋಡುವುದು ಡಬ್ಬಿಯನ್ನಲ್ಲ, ಗೋಡೆಯನ್ನು. ಟಿವಿ ತನ್ನ ಪರದೆಯನ್ನು ಜೊತೆಗೇ ತರುತ್ತದೆ. ಪ್ರೊಜೆಕ್ಟರ್ ನಿಮ್ಮ ಗೋಡೆಯನ್ನು ಎರವಲು ಪಡೆಯುತ್ತದೆ. ಗೋಡೆಗೆ ಹಸಿರು ಬಣ್ಣ ಹೊಡೆಸಿದ್ದರೆ ನಾಯಕಿಯ ಮುಖವೂ ತುಸು ಹಸಿರಾಗುತ್ತದೆ. ಗಾರೆ ಉಬ್ಬುತಗ್ಗಾಗಿದ್ದರೆ ಆ ಉಬ್ಬು ಚಿತ್ರದಲ್ಲೂ ಕಾಣುತ್ತದೆ.

ಗೋಡೆಯೇ ನಿಮ್ಮ ಕಪ್ಪು

ಇಡೀ ವಿಷಯದ ಗಂಟು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಕಪ್ಪು ಬೆಳಕು ಎಂಬುದೇ ಇಲ್ಲ. ಚಿತ್ರದಲ್ಲಿ ಕಪ್ಪು ಕೂದಲು, ಕತ್ತಲ ರಾತ್ರಿ, ಕರಿ ಕೋಟು ಬಂದಾಗ ಅದು ಮಾಡುವುದು ಇಷ್ಟೇ: ಅಲ್ಲಿಗೆ ಬೆಳಕು ಕಳಿಸದೆ ಸುಮ್ಮನಿರುತ್ತದೆ. ಆಗ ಅಲ್ಲಿ ಕಾಣುವುದು ನಿಮ್ಮ ಗೋಡೆ, ಇದ್ದ ಹಾಗೆ. ಮಧ್ಯಾಹ್ನ ಮೂರು ಗಂಟೆಗೆ ಹಾಸಿಗೆಯ ಮೇಲೆ ಕೂತು ಎದುರಿನ ಗೋಡೆ ನೋಡಿ. ಅದೇ ಆ ಹೊತ್ತಿನಲ್ಲಿ ನಿಮ್ಮ ಸಿನಿಮಾದ ಅಮಾವಾಸ್ಯೆ. ಇದಕ್ಕಿಂತ ಕಪ್ಪು ಎಷ್ಟು ದುಡ್ಡು ಕೊಟ್ಟರೂ ಆ ಗೋಡೆಯ ಮೇಲೆ ಬರುವುದಿಲ್ಲ. ಟೂರಿಂಗ್ ಟಾಕೀಸಿನವರು ಹೊತ್ತು ಮುಳುಗಿದ ಮೇಲೆ ಆಟ ಶುರು ಮಾಡುತ್ತಿದ್ದುದು ಇದಕ್ಕೇ.

ಈಗ ಎರಡು ಅಳತೆಗಳು. ದೀಪದಿಂದ ಹೊರಡುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್. ಮನೆಯ 9 ವಾಟಿನ ಎಲ್‌ಇಡಿ ಬಲ್ಬ್ ಸುಮಾರು 900 ಲ್ಯೂಮೆನ್ ಕೊಡುತ್ತದೆ, 20 ವಾಟಿನ ಎಲ್‌ಇಡಿ ಟ್ಯೂಬ್‌ಲೈಟ್ ಸುಮಾರು 2,000. ನಮ್ಮ ಕಣ್ಣಿಗೆ ಪರದೆ ಎಷ್ಟು ಬೆಳಗಿ ಕಾಣುತ್ತದೆ ಎಂಬುದರ ಅಳತೆ ನಿಟ್. ಇವೆರಡರ ನಡುವಿನ ನಂಟು ತಿಳಿಯಲು ಸುಣ್ಣದ ಬಕೆಟ್ ನೆನಪಿಸಿಕೊಳ್ಳಿ. ಒಂದೇ ಬಕೆಟ್ ಸುಣ್ಣವನ್ನು ಅರ್ಧ ಗೋಡೆಗೆ ಬಳಿದರೆ ದಪ್ಪ, ಇಡೀ ಗೋಡೆಗೆ ಎಳೆದರೆ ತೆಳು. ಲ್ಯೂಮೆನ್ ಎಂದರೆ ಬಕೆಟ್ಟಿನಲ್ಲಿರುವ ಸುಣ್ಣ, ನಿಟ್ ಎಂದರೆ ಗೋಡೆಯ ಮೇಲೆ ಕೂತ ದಪ್ಪ. ಚಿತ್ರದ ಇಂಚು ಎರಡು ಪಟ್ಟಾದರೆ ವಿಸ್ತಾರ ನಾಲ್ಕು ಪಟ್ಟಾಗುತ್ತದೆ, ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. 200 ಲ್ಯೂಮೆನ್ನಿನ ಪುಟ್ಟ ಪ್ರೊಜೆಕ್ಟರ್ 80 ಇಂಚಿನ ಬಿಳಿ ತೆರೆಯ ಮೇಲೆ ಸುಮಾರು 36 ನಿಟ್ ಬೆಳಕು ಮೂಡಿಸುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಚಿತ್ರಮಂದಿರದ ತೆರೆಗೆ ಇರುವ ಮಾನದಂಡವೇ 48 ನಿಟ್. ಪೂರ್ತಿ ಕತ್ತಲಲ್ಲಿ ಕಣ್ಣು ಹಿಗ್ಗುತ್ತದೆ, 36 ನಿಟ್ಟೂ ತುಂಬಿ ಕಾಣುತ್ತದೆ. ಸಾಧಾರಣ ಎಲ್‌ಇಡಿ ಟಿವಿಯ ಬೆಳಕು 250ರಿಂದ 350 ನಿಟ್.

ಅದೇ ಕೋಣೆಯಲ್ಲಿ ಟ್ಯೂಬ್‌ಲೈಟ್ ಹಾಕಿ. ಬಿಳಿ ಗೋಡೆ ತಾನೇ ಸುಮಾರು 25 ನಿಟ್‌ನಷ್ಟು ಬೆಳಗುತ್ತದೆ. ಅಂದರೆ ಚಿತ್ರದ ಕಪ್ಪು 25. ಬಿಳಿ ಎಂದರೆ 25ಕ್ಕೆ 36 ಸೇರಿಸಿ 61. ಕಪ್ಪಿಗೂ ಬಿಳಿಗೂ ಎರಡೂವರೆ ಪಟ್ಟಿನ ಅಂತರ ಮಾತ್ರ. ನೀರಿನಲ್ಲಿ ನೆನೆದ ರಂಗೋಲಿಯ ಹಾಗೆ ಎಲ್ಲ ಕಲಸಿಹೋಗುತ್ತದೆ. ಟಿವಿಯ ಪರದೆಯೋ, ಆರಿಸಿದಾಗ ಕಡುಗಪ್ಪು. ಮೇಲೆ ಬಿದ್ದ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಹುಪಾಲನ್ನು ಅದು ನುಂಗುತ್ತದೆ. ಹಾಗಾಗಿ ದೀಪ ಹಾಕಿದರೂ ಕಪ್ಪು-ಬಿಳಿಯ ಅಂತರ ನೂರಾರು ಪಟ್ಟು ಉಳಿಯುತ್ತದೆ. ಇವು ಅಂದಾಜು ಅಂಕಿಗಳು. ನಿಮ್ಮ ಗೋಡೆ, ನಿಮ್ಮ ದೀಪ ನೋಡಿಕೊಂಡು ಸ್ವಲ್ಪ ಆಚೀಚೆ ಆಗುತ್ತವೆ, ಆದರೆ ಕಥೆ ಬದಲಾಗುವುದಿಲ್ಲ.

ಹಾಗಾದರೆ ನಿಮ್ಮ ಕೋಣೆ ಎಷ್ಟು ಕತ್ತಲೆ? ನೀವು ಸಿನಿಮಾ ನೋಡುವ ಹೊತ್ತಿಗೆ ಎಲ್ಲ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಕೈಯಲ್ಲಿರುವ ದಿನಪತ್ರಿಕೆಯ ದೊಡ್ಡ ತಲೆಬರಹ ಓದಲು ಬರದಿದ್ದರೆ ಕತ್ತಲೆ ಸಾಕಷ್ಟಿದೆ. ಒಳಗಿನ ಸಣ್ಣ ಅಕ್ಷರವೂ ಓದಲು ಬಂದರೆ ಬೀದಿದೀಪವೋ ಎದುರು ಮನೆಯ ಬಾಲ್ಕನಿಯೋ ಒಳಗೆ ನುಗ್ಗುತ್ತಿದೆ ಎಂದರ್ಥ. ಬಾಗಿಲ ಮೇಲಿನ ಗಾಜು, ಎಸಿಯ ಮೇಲೆ ಹೊಳೆಯುವ ಅಂಕಿಗಳು, ತೆಳು ಪರದೆ ಇವೆಲ್ಲ ಆಗ ಮೊದಲ ಸಲ ಕಣ್ಣಿಗೆ ಬೀಳುತ್ತವೆ. ದಪ್ಪ ಬಟ್ಟೆಯ ಪರದೆ ಹಾಕಿಸುವುದಾದರೆ ಅದರ ಖರ್ಚನ್ನೂ ಪ್ರೊಜೆಕ್ಟರಿನ ಲೆಕ್ಕಕ್ಕೇ ಸೇರಿಸಬೇಕು.

ಹಾಸಿಗೆ, ಫ್ಯಾನು, ಸೊಳ್ಳೆ ಪರದೆ

ಜಾಹೀರಾತಿನ ಕೋಣೆ ಯಾವಾಗಲೂ ಖಾಲಿ ಖಾಲಿ. ನಮ್ಮದು ಹಾಗಲ್ಲ. ಹತ್ತಕ್ಕೆ ಹತ್ತು ಅಥವಾ ಹತ್ತಕ್ಕೆ ಹನ್ನೊಂದು ಅಡಿಯ ಕೋಣೆ, ಒಂದು ಗೋಡೆ ಪೂರ್ತಿ ವಾರ್ಡ್‌ರೋಬ್, ಒಂದರಲ್ಲಿ ಕಿಟಕಿ, ಒಂದರಲ್ಲಿ ಬಾಗಿಲು. ಆರೂವರೆ ಅಡಿ ಉದ್ದದ ಮಂಚ ಹಾಕಿದ ಮೇಲೆ ಕಾಲ ಬದಿಯಲ್ಲಿ ಮೂರೂವರೆ ಅಡಿ ಉಳಿದರೆ ದೊಡ್ಡದು.

ಇಂಚು ಎಂದರೆ ಮೂಲೆಯಿಂದ ಎದುರು ಮೂಲೆಗೆ ಎಳೆದ ಓರೆ ಗೆರೆಯ ಉದ್ದ. 43 ಇಂಚಿನ ಟಿವಿ ಅಗಲದಲ್ಲಿ 95 ಸೆಂಟಿಮೀಟರ್, ಅಂದರೆ ಮೂರು ಅಡಿಗೆ ತುಸು ಹೆಚ್ಚು. 80 ಇಂಚಿನ ಚಿತ್ರ 177 ಸೆಂಟಿಮೀಟರ್, ಸುಮಾರು 5 ಅಡಿ 10 ಇಂಚು. 100 ಇಂಚು ಎಂದರೆ 7 ಅಡಿ 3 ಇಂಚು ಅಗಲ, 4 ಅಡಿಗೂ ಮಿಕ್ಕ ಎತ್ತರ. ಅಷ್ಟು ಖಾಲಿ ಗೋಡೆ ಇದೆಯೇ ಎಂದು ಮೊದಲು ನೋಡಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ಪ್ರೊಜೆಕ್ಟರಿನ ಚಿತ್ರ ಎಷ್ಟು ದೊಡ್ಡದಾಗಬೇಕು ಎಂದು ತೀರ್ಮಾನಿಸುವುದು ನೀವಲ್ಲ, ದೂರ. ಪೆಟ್ಟಿಗೆಯ ಮೇಲೆ ‘ಥ್ರೋ ರೇಷಿಯೋ 1.2’ ಎಂದು ಬರೆದಿದ್ದರೆ, ಒಂದು ಮೀಟರ್ ಅಗಲದ ಚಿತ್ರಕ್ಕೆ ಡಬ್ಬಿ ಗೋಡೆಯಿಂದ 1.2 ಮೀಟರ್ ದೂರ ಇರಬೇಕು ಎಂದರ್ಥ. ಆ ಲೆಕ್ಕದಲ್ಲಿ 80 ಇಂಚಿಗೆ ಏಳು ಅಡಿ ದೂರ ಬೇಕು. ಹತ್ತು ಅಡಿಯ ಕೋಣೆಯಲ್ಲಿ ಎದುರು ಗೋಡೆಯಿಂದ ಏಳು ಅಡಿ ಎಂದರೆ ಮಲಗಿದವರ ಎದೆಯ ಮೇಲೆ! ಸರಿ, ತಲೆಯ ಹಿಂದಿನ ಗೋಡೆಗೆ ಶೆಲ್ಫ್ ಹೊಡೆಸಿ ಇಟ್ಟರಾಯಿತು ಎಂದರೆ ದೂರ ಒಂಬತ್ತೂವರೆ ಅಡಿ ಆಗಿ ಚಿತ್ರ 109 ಇಂಚಿಗೆ ಉಬ್ಬುತ್ತದೆ. ಅದೇ 200 ಲ್ಯೂಮೆನ್ ಈಗ ಅಷ್ಟು ಅಗಲಕ್ಕೆ ಹಂಚಿಹೋಗಿ 20 ನಿಟ್‌ಗಿಂತ ಕೆಳಗೆ ಇಳಿಯುತ್ತದೆ. ಮಸೂರವನ್ನೇ ಹೊಂದಿಸಿ ಚಿತ್ರ ಕಿರಿದು ಮಾಡುವ ಸೌಲಭ್ಯ ಅಗ್ಗದ ಡಬ್ಬಿಗಳಲ್ಲಿ ಬಹುಪಾಲು ಇರುವುದಿಲ್ಲ. ಇರುವುದು ಚಿತ್ರವನ್ನು ಒಳಗೇ ಕುಗ್ಗಿಸುವ ಡಿಜಿಟಲ್ ಉಪಾಯ. ಅದರಲ್ಲಿ ಚುಕ್ಕೆಗಳೂ ಬೆಳಕೂ ಎರಡೂ ಪೋಲಾಗುತ್ತವೆ.

ತಲೆಯ ಹಿಂದೆ ಬೇಡ, ಪಕ್ಕದ ಸ್ಟೂಲಿನ ಮೇಲಿಟ್ಟು ಓರೆಯಾಗಿ ಬಿಡೋಣ ಎಂದರೆ ಚಿತ್ರ ಒಂದು ಕಡೆ ಅಗಲ, ಒಂದು ಕಡೆ ಕಿರಿದು ಆಗುತ್ತದೆ. ಇದನ್ನು ನೇರ ಮಾಡುವುದಕ್ಕೆ ಕೀಸ್ಟೋನ್ ಎನ್ನುತ್ತಾರೆ. ದರ್ಜಿ ಸೊಟ್ಟ ಬಟ್ಟೆಯನ್ನು ಒಳಮಡಚಿ ನೇರ ಮಾಡಿದ ಹಾಗೆ ಅದು ಚಿತ್ರದ ಅಗಲವಾದ ಕಡೆಯನ್ನು ಒಳಗೇ ಕುಗ್ಗಿಸುತ್ತದೆ. ಸ್ವಲ್ಪ ಓರೆಗೆ ತೊಂದರೆಯಿಲ್ಲ, ಹೆಚ್ಚು ಓರೆಯಾದರೆ ಅಕ್ಷರಗಳು ಮಸುಕಾಗುತ್ತವೆ.

ಸೂರಿಗೆ ನೇತುಹಾಕುವ ದಾರಿಯೂ ಇದೆ, ಆದರೆ ನಮ್ಮ ಬೆಡ್‌ರೂಮಿನ ನಡುಮಧ್ಯ ಫ್ಯಾನು ತಿರುಗುತ್ತಿರುತ್ತದೆ. ತಲೆ ಬದಿಯ ಸೂರಿನಿಂದ ಎದುರು ಗೋಡೆಯ ಮೇಲ್ಭಾಗಕ್ಕೆ ಹೋಗುವ ಬೆಳಕು ಹೆಚ್ಚುಕಡಿಮೆ ಫ್ಯಾನಿನ ರೆಕ್ಕೆಯ ಎತ್ತರದಲ್ಲೇ ಹಾಯುತ್ತದೆ. ನೆಂಟರೊಬ್ಬರ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಫ್ಯಾನ್ ಎರಡರಲ್ಲಿದ್ದಾಗ ಚಿತ್ರದ ಮೇಲಿನ ಕಾಲು ಭಾಗ ಪಟಪಟ ಮಿನುಗುತ್ತಿತ್ತು, ಐದಕ್ಕೆ ತಿರುಗಿಸಿದರೆ ಅಲ್ಲಿ ಒಂದು ಬೂದು ಪಟ್ಟಿ ನಿಲ್ಲುತ್ತಿತ್ತು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಫ್ಯಾನು ನಿಲ್ಲಿಸಿ ಅರ್ಧ ಸಿನಿಮಾ ನೋಡಿದೆವು. ಆಮೇಲೆ ಅವರು ಪ್ರೊಜೆಕ್ಟರನ್ನು ಒಂದೂವರೆ ಅಡಿ ಕೆಳಗಿಳಿಸಿ ಗೋಡೆಗೆ ಬ್ರಾಕೆಟ್ ಹಾಕಿಸಿಕೊಂಡರು.

ಸೊಳ್ಳೆ ಪರದೆ ಕಟ್ಟುವವರು ಇನ್ನೊಂದನ್ನು ಯೋಚಿಸಬೇಕು. ಪ್ರೊಜೆಕ್ಟರ್ ಸೊಳ್ಳೆ ಪರದೆಯ ಹಿಂದಿದ್ದರೆ ಬೆಳಕಿನ ಒಂದು ಭಾಗ ಆ ಬಲೆಗೇ ತಗುಲಿ ನಿಮ್ಮ ಮುಖದೆದುರು ಮಂಜಿನಂತೆ ಹೊಳೆಯುತ್ತದೆ. ಟಿವಿಯಾದರೆ ಬಲೆಯ ಮೂಲಕ ನೋಡಬಹುದು, ತುಸು ಮಂಕು ಅಷ್ಟೆ.

ಗೋಡೆಗೆ ಒಂದಡಿ ಹತ್ತಿರವಿಟ್ಟರೂ ನೂರು ಇಂಚು ಕೊಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್‌ಗಳು ಈ ತಾಪತ್ರಯಗಳನ್ನೆಲ್ಲ ತಪ್ಪಿಸುತ್ತವೆ. ಅವುಗಳ ಬೆಲೆ ಲಕ್ಷದ ಲೆಕ್ಕದಲ್ಲಿ, ಅವಕ್ಕೆ ಗೋಡೆ ಕನ್ನಡಿಯಷ್ಟು ಸಪಾಟಾಗಿರಬೇಕು. ಎರಡನೆಯ ಪರದೆ ಹುಡುಕುತ್ತಿರುವ ಮನೆಗೆ ಅದು ಸಲ್ಲದ ಮಾತು.

ಮಲಗಿ ನೋಡಲು ಎಷ್ಟು ದೊಡ್ಡದು ಸಾಕು?

ತಲೆದಿಂಬಿಗೆ ಒರಗಿ ಕೂತವರ ಕಣ್ಣಿನಿಂದ ಎದುರು ಗೋಡೆಗೆ ಸುಮಾರು ಎಂಟೂವರೆ ಅಡಿ. ಚಿತ್ರ ನಮ್ಮ ನೋಟದಲ್ಲಿ 30ರಿಂದ 40 ಡಿಗ್ರಿಯಷ್ಟು ಅಗಲ ತುಂಬಿದರೆ ಸಿನಿಮಾದ ಅನುಭವ ಬರುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಅಳತೆ. ಎಂಟೂವರೆ ಅಡಿಗೆ ಇದನ್ನು ಹೊಂದಿಸಿದರೆ ಸುಮಾರು 63ರಿಂದ 85 ಇಂಚು ಎಂದಾಗುತ್ತದೆ. ಅಂದರೆ ಬೆಡ್‌ರೂಮಿಗೆ ನೂರು ಇಂಚಿನ ಅಗತ್ಯವೇ ಇಲ್ಲ. ಅಷ್ಟು ಹತ್ತಿರದಿಂದ ನೂರು ಇಂಚು ನೋಡುವುದೆಂದರೆ ಥಿಯೇಟರಿನ ಮುಂದಿನ ಸಾಲಿನ ಕಡೆಗೆ ಜರುಗಿದಂತೆ. ಇನ್ನೊಂದು ಕಡೆ, 43 ಇಂಚಿನ ಟಿವಿ ಈ ದೂರಕ್ಕೆ ಸಿನಿಮಾ ಅನ್ನಿಸುವುದಿಲ್ಲ, ಆದರೆ ವಾರ್ತೆಗೆ, ಧಾರಾವಾಹಿಗೆ, ಅಡುಗೆ ವಿಡಿಯೋಗೆ ಧಾರಾಳ ಸಾಕು. 55 ಇಂಚು ಇವೆರಡರ ನಡುವಿನ ಒಳ್ಳೆಯ ಜಾಗ.

ಚುಕ್ಕೆಗಳ ಲೆಕ್ಕಕ್ಕೂ ದೂರವೇ ಆಧಾರ. 720ಪಿ ಎಂದರೆ ಚಿತ್ರದಲ್ಲಿ ಸುಮಾರು 9 ಲಕ್ಷ ಚುಕ್ಕೆ, 1080ಪಿ ಎಂದರೆ ಸುಮಾರು 21 ಲಕ್ಷ, 4ಕೆ ಎಂದರೆ ಸುಮಾರು 83 ಲಕ್ಷ. 43 ಇಂಚಿನ 1080ಪಿ ಟಿವಿಯಲ್ಲಿ ಒಂದು ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಆರು ಅಡಿ ಆಚೆಯಿಂದ ಅದನ್ನು ಬಿಡಿಯಾಗಿ ಕಾಣುವುದು ಸಾಮಾನ್ಯ ಕಣ್ಣಿಗೆ ಆಗದ ಕೆಲಸ. ಹಾಗಾಗಿ ಆ ಅಳತೆಯ ಟಿವಿಗೆ 4ಕೆ ಇಲ್ಲವೆಂದು ಹಾಸಿಗೆಯಲ್ಲಿ ಕೂತವರು ಕೊರಗಬೇಕಿಲ್ಲ. ಆದರೆ 720ಪಿ ಪ್ರೊಜೆಕ್ಟರ್ 80 ಇಂಚಿಗೆ ಹಿಗ್ಗಿದಾಗ ಒಂದು ಚುಕ್ಕೆ ಸುಮಾರು 1.4 ಮಿಲಿಮೀಟರ್ ಆಗುತ್ತದೆ. ಎಂಟೂವರೆ ಅಡಿಯಿಂದ ಅದು ಹೆಣಿಗೆಯ ಹಾಗೆ ಕಾಣುತ್ತದೆ. ಬೆಡ್‌ರೂಮಿಗೆ ಪ್ರೊಜೆಕ್ಟರ್ ಎಂದರೆ 1080ಪಿಗಿಂತ ಕೆಳಗೆ ಇಳಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪೆಟ್ಟಿಗೆಯ ಮೇಲಿನ ಮಾತುಗಳು

ಎರಡು ಕಡೆ ಜನ ಹೆಚ್ಚು ಮೋಸಹೋಗುತ್ತಾರೆ. ಒಂದು ಲ್ಯೂಮೆನ್. ‘8,000 ಲ್ಯೂಮೆನ್ಸ್’ ಎಂದು ಬರೆದ ಏಳೆಂಟು ಸಾವಿರದ ಡಬ್ಬಿಯ ಒಳಗೆ ಅಷ್ಟು ಬೆಳಕು ಇರುವುದೇ ಸಾಧ್ಯವಿಲ್ಲ. ಅದು ನಾಲ್ಕು ಟ್ಯೂಬ್‌ಲೈಟಿಗೆ ಸಮ! ಹುಡುಕಬೇಕಾದ ಪದ ‘ಆನ್ಸಿ ಲ್ಯೂಮೆನ್ಸ್’ ಅಥವಾ ‘ಐಎಸ್‌ಒ ಲ್ಯೂಮೆನ್ಸ್’. ಆನ್ಸಿ ಪದ್ಧತಿಯಲ್ಲಿ ತೆರೆಯ ಮೇಲೆ ಒಂಬತ್ತು ಕಡೆ ಬೆಳಕು ಅಳೆದು ಸರಾಸರಿ ತೆಗೆಯುತ್ತಾರೆ, ಗೋಡೆಗೆ ನಿಜವಾಗಿ ತಲುಪಿದ ಬೆಳಕಿನ ಲೆಕ್ಕ ಸಿಗುತ್ತದೆ. ಈ ಎರಡರಲ್ಲಿ ಯಾವ ಹೆಸರೂ ಇಲ್ಲದೆ ಬರಿ ಲ್ಯೂಮೆನ್ಸ್ ಎಂದಿದ್ದರೆ ಆ ಅಂಕಿಯನ್ನು ನಂಬಬೇಡಿ.

ಇನ್ನೊಂದು ‘4ಕೆ ಸಪೋರ್ಟ್’. 4ಕೆ ವಿಡಿಯೋ ಕೊಟ್ಟರೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದಷ್ಟೇ ಇದರ ಅರ್ಥ. ಹೊರಗೆ ಬರುವುದು ಡಬ್ಬಿಯ ಸ್ವಂತ ಚುಕ್ಕೆಗಳಷ್ಟೇ. ಕೊಡದಲ್ಲಿ ನೀರು ತುಂಬಿ ತಂದರೂ ಲೋಟದಲ್ಲಿ ಹಿಡಿಯುವುದು ಲೋಟದಷ್ಟೇ ತಾನೆ. ‘ನೇಟಿವ್ ರೆಸಲ್ಯೂಷನ್’ ಎಂಬ ಸಾಲಿನಲ್ಲಿ ಏನಿದೆಯೋ ಅದೇ ನಿಜ.

ಅಂಗಡಿಯಲ್ಲಿ ಕೇಳಬೇಕಾದ ಇನ್ನೊಂದು ವಿಷಯ ಆ್ಯಪ್‌ಗಳದು. ಸ್ಮಾರ್ಟ್ ಟಿವಿಯಲ್ಲಿ ಪ್ರಮುಖ ಆ್ಯಪ್‌ಗಳು ಅಧಿಕೃತವಾಗಿಯೇ ಇರುತ್ತವೆ. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಕೆಲವು ಒಟಿಟಿ ಕಂಪನಿಗಳ ಅನುಮತಿ ಇರುವುದಿಲ್ಲ. ಆಗ ಆ್ಯಪ್ ತೆರೆದುಕೊಳ್ಳುವುದಿಲ್ಲ, ಅಥವಾ ಮಸುಕಾದ ಚಿತ್ರವನ್ನೇ ಕೊಡುತ್ತದೆ. ಎಚ್‌ಡಿಎಂಐ ಕಿಂಡಿಗೆ, ಆ್ಯಪ್‌ಗಳನ್ನು ತಾನೇ ಓಡಿಸುವ ಪುಟ್ಟ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರೆ ಸಮಸ್ಯೆ ತೀರುತ್ತದೆ, ಖರ್ಚು ಮೂರರಿಂದ ಐದು ಸಾವಿರ ಏರುತ್ತದೆ. ಸೆಟ್‌ಟಾಪ್ ಬಾಕ್ಸನ್ನೂ ಅದೇ ಕಿಂಡಿಗೆ ಜೋಡಿಸಬೇಕು. ಒಂದೇ ಕಿಂಡಿ ಇದ್ದರೆ ಪ್ರತಿ ಸಲ ಕಿತ್ತು ಹಾಕುವ ಕೆಲಸ.

ಸದ್ದು, ಕರೆಂಟು, ಧೂಳು

ಪ್ರೊಜೆಕ್ಟರಿನ ದೀಪ ಕಾಯುತ್ತದೆ, ಅದನ್ನು ತಣಿಸಲು ಒಳಗೆ ಪುಟ್ಟ ಫ್ಯಾನ್ ಓಡುತ್ತದೆ. ಹಾಲ್‌ನಲ್ಲಿ ಅದು ಗೊತ್ತಾಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ, ತಲೆಯಿಂದ ಒಂದಡಿ ದೂರದ ಶೆಲ್ಫಿನಲ್ಲಿ ಗೊತ್ತಾಗುತ್ತದೆ. ಪಕ್ಕದಲ್ಲಿ ಮಗು ಮಲಗಿದೆ ಎಂದು ವಾಲ್ಯೂಮ್ ಇಳಿಸಿದಷ್ಟೂ ಆ ಗುಯ್ ಎನ್ನುವ ಸದ್ದು ಮೇಲೇಳುತ್ತದೆ. ಧ್ವನಿಯೂ ಚಿತ್ರದ ಕಡೆಯಿಂದ ಬರದೆ ತಲೆಯ ಹಿಂದಿನಿಂದ ಬರುತ್ತದೆ. ಬ್ಲೂಟೂತ್ ಸ್ಪೀಕರನ್ನು ಗೋಡೆಯ ಕೆಳಗಿಟ್ಟರೆ ಸರಿಹೋಗಬಹುದು, ಆದರೆ ಕೆಲವು ಜೋಡಿಗಳಲ್ಲಿ ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ. ತಂತಿಯ ಸ್ಪೀಕರಿಗೆ ಈ ಕಾಟವಿಲ್ಲ.

ಕರೆಂಟ್ ಬಿಲ್ಲಿನ ವಿಷಯದಲ್ಲಿ ಹೆದರಬೇಕಾದ್ದೇನಿಲ್ಲ. 43 ಇಂಚಿನ ಟಿವಿಯಾಗಲಿ ಎಲ್‌ಇಡಿ ದೀಪದ ಚಿಕ್ಕ ಪ್ರೊಜೆಕ್ಟರಾಗಲಿ ಸುಮಾರು 70 ವಾಟ್ ಎಳೆಯುತ್ತದೆ ಎಂದುಕೊಂಡರೆ, ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಆರು ಯೂನಿಟ್ ಚಿಲ್ಲರೆ. ಕಚೇರಿಯಲ್ಲಿ ಬಳಸಿ ಬಿಟ್ಟ ಹಳೆಯ ಲ್ಯಾಂಪ್ ಪ್ರೊಜೆಕ್ಟರ್ ಅಗ್ಗಕ್ಕೆ ಸಿಗುತ್ತದೆ ಎಂದು ಆಸೆಪಡುವವರು ಮಾತ್ರ ಎಚ್ಚರವಾಗಿರಬೇಕು. ಅವು 250ರಿಂದ 300 ವಾಟ್ ತಿನ್ನುತ್ತವೆ. ಲ್ಯಾಂಪಿನ ಆಯುಷ್ಯ ಸಾಮಾನ್ಯವಾಗಿ 3,000ದಿಂದ 5,000 ಗಂಟೆ, ಅದರಲ್ಲಿ ಎಷ್ಟು ಆಗಲೇ ಮುಗಿದಿದೆಯೋ. ನಡುವೆ ಕರೆಂಟ್ ಹೋಗಿ ಒಳಗಿನ ಫ್ಯಾನ್ ನಿಂತರೆ ಕಾದ ಲ್ಯಾಂಪಿಗೆ ಪೆಟ್ಟು. ಎಲ್‌ಇಡಿ ದೀಪದವುಗಳಿಗೆ 20,000 ಗಂಟೆ ಅಥವಾ ಹೆಚ್ಚು ಎಂದು ಬರೆದಿರುತ್ತಾರೆ. ದಿನಕ್ಕೆ ಮೂರು ಗಂಟೆಯಂತೆ ಹದಿನೆಂಟು ವರ್ಷ! ದೀಪ ಬಾಳಬಹುದು, ಅದರ ಬೆಳಕು ವರ್ಷ ಹೋದಂತೆ ಇಳಿಯುತ್ತ ಬರುತ್ತದೆ. ಜೊತೆಗಿರುವ ಫ್ಯಾನ್, ಸಾಫ್ಟ್‌ವೇರ್ ಅಷ್ಟು ಕಾಲ ತಾಳುವುದಿಲ್ಲ.

ಧೂಳು ನಮ್ಮಲ್ಲಿ ಸಣ್ಣ ವಿಷಯವಲ್ಲ. ರಸ್ತೆ ಬದಿಯ ಮನೆಯಲ್ಲಿ ಗಾಳಿ ಎಳೆದುಕೊಳ್ಳುವ ಡಬ್ಬಿಯೊಳಗೆ ಧೂಳಿನ ಕಣ ಹೊಕ್ಕರೆ ಚಿತ್ರದ ಮೇಲೆ ಬೂದು ಮಚ್ಚೆಯಾಗಿ ಕೂರುತ್ತದೆ. ಕೊಳ್ಳುವಾಗ ಒಳಗಿನ ಭಾಗ ಧೂಳು ಹೋಗದಂತೆ ಮುಚ್ಚಿದೆಯೇ ಎಂದು ಕೇಳಿ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ತೇವ ಇನ್ನೊಂದು ಚಿಂತೆ. ಕ್ಯಾಮೆರಾದ ಮಸೂರಕ್ಕೆ ಬೂಷ್ಟು ಹಿಡಿಯುವ ಹಾಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ಪ್ರೊಜೆಕ್ಟರಿಗೂ ಹಿಡಿಯಬಹುದು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು ಒಳ್ಳೆಯದು.

ಟಿವಿಯ ದೊಡ್ಡ ಭಯ ಬೇರೆ. ಮಕ್ಕಳು ಹಾಸಿಗೆಯ ಮೇಲಿಂದ ಚೆಂಡು ಎಸೆದು ಪರದೆ ಒಡೆದರೆ ಹೊಸ ಫಲಕದ ಬೆಲೆ ಹೆಚ್ಚುಕಡಿಮೆ ಹೊಸ ಟಿವಿಯ ಬೆಲೆಯೇ. ಮಾಮೂಲಿ ವಾರಂಟಿ ಇದಕ್ಕೆ ಬರುವುದಿಲ್ಲ.

ಕಣ್ಣು, ನಿದ್ದೆ, ಮಕ್ಕಳು

‘ಗೋಡೆಯಿಂದ ಮರಳಿದ ಬೆಳಕು ಕಣ್ಣಿಗೆ ತಂಪು, ಟಿವಿಯ ನೇರ ಬೆಳಕು ಹಾನಿ’ ಎಂಬ ಮಾತು ಮಾರಾಟಗಾರರ ಬಾಯಲ್ಲಿ ಬಹಳ. ಕಣ್ಣೊಳಗೆ ಬಂದ ಮೇಲೆ ಬೆಳಕಿಗೆ ತಾನು ಗೋಡೆಯಿಂದ ಬಂದೆನೋ ಪರದೆಯಿಂದ ಬಂದೆನೋ ಎಂಬ ಭೇದವಿಲ್ಲ. ದಣಿಸುವುದು ಪ್ರಖರತೆ, ಅದರಲ್ಲೂ ಸುತ್ತ ಕತ್ತಲಿದ್ದು ನಡುವೆ ಒಂದು ಚೌಕ ಮಾತ್ರ ಧಗಧಗ ಹೊಳೆಯುವುದು. ಕತ್ತಲ ಕೋಣೆಯಲ್ಲಿ 300 ನಿಟ್‌ನ ಟಿವಿ ಚುಚ್ಚುತ್ತದೆ ನಿಜ, ಆದರೆ ರಿಮೋಟ್ ಹಿಡಿದು ಬೆಳಕನ್ನು ಇಳಿಸಿದರೆ, ಮೂವಿ ಎಂಬ ಮೋಡ್‌ಗೆ ಬದಲಿಸಿದರೆ, ಟಿವಿಯ ಹಿಂದೆ ಸಣ್ಣ ಹಳದಿ ದೀಪ ಇಟ್ಟರೆ ಆ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ರಾತ್ರಿಯ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ ಎಂಬುದು ಎರಡಕ್ಕೂ ಅನ್ವಯಿಸುತ್ತದೆ. ಸ್ಲೀಪ್ ಟೈಮರ್ ಎರಡರಲ್ಲೂ ಇದೆಯೇ ನೋಡಿಕೊಳ್ಳಿ.

ಚಿಕ್ಕ ಮಕ್ಕಳಿರುವ ಮನೆಯವರು ಒಂದನ್ನು ಖಂಡಿತ ಗಮನಿಸಬೇಕು. ಪ್ರೊಜೆಕ್ಟರಿನ ಮಸೂರವನ್ನು ನೇರವಾಗಿ, ಹತ್ತಿರದಿಂದ ನೋಡಬಾರದು. ಲೇಸರ್ ದೀಪದ್ದಾದರಂತೂ ಸುತರಾಂ ಕೂಡದು. ಎರಡು ವರ್ಷದ ಮಗು ಮಾಡುವುದು ಅದನ್ನೇ: ಬೆಳಕು ಎಲ್ಲಿಂದ ಬರುತ್ತಿದೆ ಎಂದು ಬಗ್ಗಿ ಇಣುಕುತ್ತದೆ. ಆದ್ದರಿಂದ ಅಂಥ ಮನೆಯಲ್ಲಿ ಸ್ಟೂಲಿನ ಮೇಲೆ ಬೇಡ, ಕೈಗೆಟುಕದ ಎತ್ತರದಲ್ಲಿ ಇರಲಿ.

ಪ್ರೊಜೆಕ್ಟರ್ ಮಾತ್ರ ಮಾಡಬಲ್ಲ ಒಂದು ಕೆಲಸವನ್ನೂ ಹೇಳಬೇಕು. ಅದನ್ನು ಮೇಲಕ್ಕೆ ತಿರುಗಿಸಿದರೆ ಸೂರಿನ ಮೇಲೆ ಚಿತ್ರ ಬರುತ್ತದೆ. ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಅಂಗಾತ ಮಲಗಬೇಕಾದವರಿಗೆ, ಕುತ್ತಿಗೆ ಎತ್ತಲಾಗದ ಹಿರಿಯರಿಗೆ ಇದು ಎಂಥ ಉಪಕಾರ ಎಂಬುದನ್ನು ಅಂಥವರ ಪಕ್ಕ ಕೂತವರು ಬಲ್ಲರು.

ಹಾಗಾದರೆ ಯಾರಿಗೆ ಯಾವುದು?

ಹಗಲಲ್ಲಿ ನೋಡುವವರಿದ್ದರೆ ಟಿವಿ. ಇದರಲ್ಲಿ ಎರಡು ಮಾತಿಲ್ಲ. ಮಧ್ಯಾಹ್ನ ಒಬ್ಬರು ಬಟ್ಟೆ ಮಡಚುತ್ತ ಧಾರಾವಾಹಿ ಹಾಕುವುದು, ಸಂಜೆ ದೀಪ ಹಾಕಿಕೊಂಡೇ ವಾರ್ತೆ ಕೇಳುವುದು, ಪಕ್ಕದಲ್ಲಿ ಮಕ್ಕಳು ಹೋಂವರ್ಕ್ ಬರೆಯುವುದು, ಹೀಗೆ ಬದುಕು ಸಾಗುವ ಕೋಣೆಯಲ್ಲಿ ಕತ್ತಲೆ ಮಾಡಿ ಎಂದು ಹೇಳಲಾಗುವುದಿಲ್ಲ. 43 ಇಂಚಿನ ಸಾಮಾನ್ಯ ಸ್ಮಾರ್ಟ್ ಟಿವಿ 20ರಿಂದ 30 ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಬಟನ್ ಒತ್ತಿದರೆ ಉರಿಯುತ್ತದೆ. ಬದಿಯಲ್ಲಿ ಮಲಗಿ ಓರೆಯಿಂದ ನೋಡುವವರಿದ್ದರೆ ಐಪಿಎಸ್ ಫಲಕದ್ದನ್ನು ಕೇಳಿ, ಅದರ ಬಣ್ಣ ಓರೆಯಿಂದಲೂ ಅಷ್ಟಾಗಿ ಮಾಸುವುದಿಲ್ಲ. ನೇರ ಎದುರಿನಿಂದ, ಕತ್ತಲಲ್ಲಿ ನೋಡುವವರಿಗೆ ವಿಎ ಫಲಕದ ಕಪ್ಪು ಹೆಚ್ಚು ಚೆಂದ. ಗೋಡೆಗೆ ಹಾಕುವಾಗ ಹಾಲ್‌ಗಿಂತ ಸ್ವಲ್ಪ ಎತ್ತರಕ್ಕೆ ಹಾಕಿಸಿ, ತುಸು ಕೆಳಗೆ ಬಾಗುವ ಸ್ಟ್ಯಾಂಡ್ ಇರಲಿ. ಇಲ್ಲವಾದರೆ ನಿಮ್ಮ ಕಾಲ ಹೆಬ್ಬೆರಳುಗಳೇ ವಾರ್ತೆಗೆ ಅಡ್ಡ ನಿಲ್ಲುತ್ತವೆ.

ರಾತ್ರಿ ಮಾತ್ರ, ವಾರಕ್ಕೆರಡು ಸಿನಿಮಾ ನೋಡುವವರಿಗೆ, ಕೋಣೆ ಚೆನ್ನಾಗಿ ಕತ್ತಲಾಗುವವರಿಗೆ ಪ್ರೊಜೆಕ್ಟರ್ ಕೊಡುವ ಸಂತೋಷವನ್ನು ಆ ದುಡ್ಡಿಗೆ ಯಾವ ಟಿವಿಯೂ ಕೊಡಲಾರದು. ಬಾಡಿಗೆ ಮನೆಯವರಿಗೂ ಇದರ ಅನುಕೂಲ ಇದೆ. ಗೋಡೆಗೆ ನಾಲ್ಕು ತೂತು ಕೊರೆದದ್ದಕ್ಕೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಮಾಲೀಕರ ಜೊತೆ ಜಗಳವಿಲ್ಲ, ಮನೆ ಬದಲಿಸುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬಹುದು. ಯುಗಾದಿಗೆ ಊರಿಗೆ ಹೋದಾಗ ಜಗಲಿಯ ಗೋಡೆಗೆ ಬಿಟ್ಟರೆ ಇಡೀ ಮನೆಯವರು ಕೂತು ನೋಡಬಹುದು. ಕೊಳ್ಳುವುದಾದರೆ ಕನಿಷ್ಠ 400ರಿಂದ 500 ಆನ್ಸಿ ಲ್ಯೂಮೆನ್, 1080ಪಿ ನೇಟಿವ್, ಮುಚ್ಚಿದ ಒಳಭಾಗ ಇರುವುದನ್ನೇ ನೋಡಿ. ಅಷ್ಟು ದುಡ್ಡು ಈಗ ಇಲ್ಲದಿದ್ದರೆ ಏಳು ಸಾವಿರದ ಡಬ್ಬಿಗೆ ಕೈ ಹಾಕುವುದಕ್ಕಿಂತ 32 ಇಂಚಿನ ಟಿವಿ ತರುವುದು ಮೇಲು.

ದುಡ್ಡು ಕೊಡುವ ಮುನ್ನ

ಗೋಡೆಯ ಮೇಲೆ ಪೇಂಟರ್‌ಗಳು ಬಳಸುವ ಕಾಗದದ ಟೇಪ್ ಅಂಟಿಸಿ ಎರಡು ಚೌಕ ಮಾಡಿ: ನೀವು ಯೋಚಿಸಿರುವ ಟಿವಿಯದೊಂದು, ಪ್ರೊಜೆಕ್ಟರಿನ ಚಿತ್ರದ್ದೊಂದು. ಎರಡು ದಿನ ಹಾಗೇ ಬಿಡಿ. ವಾರ್ಡ್‌ರೋಬಿನ ಬಾಗಿಲು ತೆರೆದರೆ ತಗಲುತ್ತದೆಯೇ, ಸ್ವಿಚ್‌ಬೋರ್ಡ್ ಚೌಕದ ಒಳಗೆ ಬಂತೇ, ಕ್ಯಾಲೆಂಡರ್ ಎಲ್ಲಿಗೆ ಹೋಗಬೇಕು ಎಲ್ಲ ತಾನಾಗಿ ಗೊತ್ತಾಗುತ್ತದೆ. ಮಸೂರ ಇರುವ ಜಾಗದಿಂದ ಚೌಕದ ನಾಲ್ಕು ಮೂಲೆಗೂ ದಾರ ಎಳೆದು ನೋಡಿ. ದಾರಕ್ಕೆ ಫ್ಯಾನ್ ತಗುಲಿದರೆ ಬೆಳಕಿಗೂ ತಗುಲುತ್ತದೆ.

ಅಂಗಡಿಯಲ್ಲಿ ಪ್ರೊಜೆಕ್ಟರನ್ನು ಕತ್ತಲೆ ಕೋಣೆಯೊಳಗೆ ತೋರಿಸುತ್ತಾರೆ. ಒಂದು ದೀಪ ಹಾಕಲು ಹೇಳಿ, ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಟಿವಿಗಳನ್ನು ಅತಿ ಪ್ರಖರ ಡೆಮೊ ಮೋಡ್‌ನಲ್ಲಿ ಇಟ್ಟಿರುತ್ತಾರೆ, ಅದನ್ನು ಹೋಮ್ ಮೋಡ್‌ಗೆ ತಿರುಗಿಸಿ ಎಂದು ಕೇಳಿ.

ಪ್ರೊಜೆಕ್ಟರ್ ಮನೆಗೆ ಬಂದ ದಿನವೇ ಒಂದು ಪರೀಕ್ಷೆ ಮಾಡಿ. ಪೂರ್ತಿ ಬಿಳಿ ಚಿತ್ರ ಹಾಕಿ ಮಚ್ಚೆಗಳಿವೆಯೇ ನೋಡಿ. ಆಮೇಲೆ ಕನ್ನಡ ಅಕ್ಷರ ತುಂಬಿದ ಒಂದು ಪುಟ ತೆರೆದು ನಡುವೆ ಫೋಕಸ್ ಸರಿಮಾಡಿ, ನಾಲ್ಕು ಮೂಲೆಗಳ ಒತ್ತಕ್ಷರಗಳನ್ನು ಓದಲು ಯತ್ನಿಸಿ. ನಡುವೆ ‘ರಾಷ್ಟ್ರ’ ಸ್ಪಷ್ಟವಾಗಿದ್ದು ಮೂಲೆಯಲ್ಲಿ ‘ಷ್ಟ್ರ’ದ ಒತ್ತುಗಳು ಒಂದಕ್ಕೊಂದು ಅಂಟಿ ಕಪ್ಪು ಚುಕ್ಕೆಯಾಗಿದ್ದರೆ ಮಸೂರ ಸರಿಯಿಲ್ಲ. ಹಿಂದಿರುಗಿಸುವ ಅವಧಿ ಸಾಮಾನ್ಯವಾಗಿ ಕೆಲವೇ ದಿನ, ಪೆಟ್ಟಿಗೆ ಮತ್ತು ಥರ್ಮಾಕೋಲನ್ನು ಅಲ್ಲಿಯವರೆಗೆ ಮಂಚದ ಕೆಳಗೆ ಹಾಗೇ ಇಟ್ಟಿರಿ.